ಬಳಿ ಹೆಚ್ಚ್ಯಾವ್ರೀ!

ಕೇಶ್ವಾಪುರದಲ್ಲಿ ನನ್ನ ಎದುರು ಬಾಗಿಲಿಗೆ ಬಾಡಿಗೆ ಇರುವ ಮುರಿಗೆವ್ವ ಯಾರನ್ನೂ ನಂಬುವ ಪೈಕಿ ಅಲ್ಲ. ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವವಳು. ನಾನು ಕೊಟ್ಟ ಸಕ್ಕರೆಯನ್ನೂ ಒಮ್ಮೆ ಮೂಸಿದ್ದಳು, ನನಗೆ ಮೈಯೆಲ್ಲ ಉರಿದಿತ್ತು. ಅವಳದು ಗಾಜಿನ ಬಳೆಯ ವ್ಯಾಪಾರ, ಮದುವೆ ಮನೆಗಳಿಗೆ ಹೋಗಿ ಬಳೆ ತೊಡಿಸುವ ಕೆಲಸ. ಸರಕೆಲ್ಲ ಮುಂದಿನ ಕೋಣೆಯ ಅಟ್ಟದ ಮೇಲೆ. ಗಂಡ ಶಿವಯೋಗೀಶ ಲಾರಿ ಓಡಿಸುತ್ತಾನೆ, ಮನೆಗಿಂತ ರಸ್ತೆಯ ಮೇಲೇ ಹೆಚ್ಚು. ಆ ಸರಕು ಹೋದರೆ ಅವಳ ಕಸುಬೇ ಹೋದಂತೆ.

ಮನೆ ಮಾಲೀಕ ರಾಜಶೇಖರ ಒಂದು ದಿನ, "ಮನಿಗೆ ವಿಮಾ ಮಾಡಿಸೇನಿ, ಚಿಂತಿ ಬಿಡ್ರಿ" ಎಂದ.

"ಯಾವುದಕ್ಕ್ರಿ? ನಿಮ್ಮ ಗ್ವಾಡಿಗೋ, ನನ್ನ ಬಳಿಗೋ?" ಎಂದಳು ಮುರಿಗೆವ್ವ. ಅವನು ನಕ್ಕು ಜಾರಿಕೊಂಡ.

ನನಗೆ ಗೊತ್ತಿದ್ದ ವಿಮಾ ಏಜೆಂಟ್ ಅಫ್ರೀನಳನ್ನು ಕರೆಸಿದೆ. "ಮಾಲಕರದು ಗ್ವಾಡಿ, ಛತ್ತಿಗೆ ಅಷ್ಟ್ರೀ ಅಕ್ಕಾರ. ಬಾಡಿಗಿ ಇರೋರು ತಮ್ಮ ಸಾಮಾನಿಗೆ ತಾವ ಮಾಡಿಸಬೇಕು. ಅದರಾಗೂ ಟೀವಿ, ಭಾಂಡೆ ಬ್ಯಾರೆ, ಮಾರೋ ಸರಕು ಬ್ಯಾರೆ. ನಿಮಗ ಸರಕಿಂದು ಬೇಕ್ರಿ" ಎಂದಳು ಅವಳು.

"ಕಳುವಾದ್ರ ನಾನಾ ಕದ್ದೆ ಅಂತೀರೇನು?"

"ಇಲ್ರೀ. ಪೈಪ್ ಒಡದು ನೀರು ಬಂದ್ರೂ ಕೊಡ್ತಾರ. ತೊಡಿಸುವಾಗ ನಿಮ್ಮ ಕೈಯಾಗ ಆದ ಲುಕ್ಸಾನಕ್ಕ ಮಾತ್ರ ಕೊಡಂಗಿಲ್ಲ."

"ಹಾಂ! ಬಂತು ನೋಡ್ರಿ, ಕೊಡಂಗಿಲ್ಲ ಅನ್ನೋದು!" ಎಂದು ನನ್ನತ್ತ ತಿರುಗಿದಳು. ಆದರೆ ಮುಚ್ಚಿಡದೆ ಹೇಳಿದ್ದಕ್ಕೋ ಏನೋ, ಆಮೇಲೆ ಸಹಿ ಹಾಕಿದಳು.

ಆ ವರ್ಷದ ಲಗ್ನದ ಸುಗ್ಗಿಗೆ ಮುಂಚೆ ಮೇಲಿನ ಮನೆಯ ಪೈಪ್ ಒಡೆಯಿತು. ನೀರು ಕುಡಿದು ಕುಡಿದು ಅಟ್ಟದ ಹಲಗೆ ಕುಸಿಯಿತು. ಕೋಣೆಯ ತುಂಬ ಹಸಿರು, ಕೆಂಪು ಚೂರು. ಕಾಲಿಡಲು ಜಾಗವಿರಲಿಲ್ಲ. ಮುರಿಗೆವ್ವ ಕಂಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ನಾನು ಪಕ್ಕದಲ್ಲಿದ್ದೆ.

"ಬಳಿ ಹೆಚ್ಚ್ಯಾವ್ರೀ! ಎಲ್ಲಾ ಹೆಚ್ಚ್ಯಾವ!"

ಆ ಕಡೆಯ ಹುಡುಗಿ ಯಾವೂರಿನವಳೋ. "ಹೆಚ್ಚಾಗಿದ್ದರೆ ನಷ್ಟ ಹೇಗಾಗುತ್ತೆ ಮೇಡಂ? ಸರಕು ಜಾಸ್ತಿ ಆಗಿದ್ದರೆ ಕಂತೂ ಜಾಸ್ತಿ ಆಗುತ್ತೆ" ಎಂದಳು.

ಮುರಿಗೆವ್ವ ಫೋನ್ ಇಟ್ಟಳು. "ಕೇಳಿದ್ರೇನ್ರಿ? ನಷ್ಟನ ಆಗಿಲ್ಲಂತ! ಮತ್ತ ರೊಕ್ಕ ನಾನಾ ಕೊಡಬೇಕಂತ! ನನಗ ಮೊದಲ ಗೊತ್ತಿತ್ತು."

"ಅಯ್ಯ, ಆ ಹುಡುಗಿಗೆ ನಮ್ಮ ಮಾತು ತಿಳಿದಿಲ್ಲ. ಒಡದಾವ ಅಂತ ಹೇಳ್ರಿ" ಎಂದೆ.

ಅವಳು ನನ್ನನ್ನು ಸುಡುವ ಹಾಗೆ ನೋಡಿದಳು. "ನಮ್ಮ ಮನಿಯವರು ಸೊಲ್ಲಾಪುರದ ದಾರ್‍ಯಾಗ ಅದಾರ. ಬಳಿಗೆ ಆ ಮಾತು ಹಚ್ಚಿ ನಾ ಆಡ್ಲೇನ್ರಿ?"

ನನ್ನ ನಾಲಿಗೆ ಕಚ್ಚಿಕೊಂಡೆ. ಗಂಡ ಸತ್ತ ದಿನ ಮಾತ್ರ ಬಳೆ ಒಡೆಯುತ್ತವೆ ನಮ್ಮಲ್ಲಿ, ಉಳಿದ ದಿನ ಚೂರಾದರೂ 'ಹೆಚ್ಚುತ್ತವೆ'. ನಾನೇ ಫೋನ್ ಮಾಡಿ ಹೇಳಿದೆ. ವಿಮೆ ಯಾರ ಹೆಸರಿನಲ್ಲಿದೆಯೋ ಅವರೇ ಹೇಳಬೇಕಂತೆ, ರೆಕಾರ್ಡ್ ಆಗುತ್ತದಂತೆ.

"ನನ್ನ ಬಾಯಿಂದಾನ ಯಾಕ ಬೇಕಾಗೇತಿ ಅವರಿಗೆ?" ಎಂದಳು ಮುರಿಗೆವ್ವ. "ಏನೋ ಐತಿ ಇದರಾಗ."

ಮರುದಿನ ಶಿವಯೋಗೀಶ ಸೊಲ್ಲಾಪುರದಿಂದ ಬಂದ. ಜಳಕ ಮಾಡಿ ಉಂಡು ಮತ್ತೆ ಕೊಲ್ಲಾಪುರಕ್ಕೆ ಹೊರಡುವವನಿದ್ದ. ಅವಳು ಅವನನ್ನು ಎದುರಿಗೆ ಕೂಡಿಸಿಕೊಂಡು, ಅವನ ಮುಂಗೈ ಗಟ್ಟಿಯಾಗಿ ಹಿಡಿದು ಫೋನ್ ಹಚ್ಚಿದಳು. ಕಣ್ಣು ಅವನ ಮುಖದ ಮೇಲೇ ಇತ್ತು.

"ಬಳಿ... ಒಡದಾವ್ರಿ."

"ಸರಿಯಾಗಿ ಕೇಳಿಸಲಿಲ್ಲ ಮೇಡಂ, ಇನ್ನೊಮ್ಮೆ ಹೇಳಿ."

"ಒಡದಾವ! ಎಲ್ಲಾ ಒಡದಾವ!" ಎಂದು ಕೂಗಿ ಮುರಿಗೆವ್ವ ಅತ್ತುಬಿಟ್ಟಳು. ಫೋನನ್ನು ನಾನೇ ತೆಗೆದಿಟ್ಟೆ.

"ಆತಲ್ಲ, ಇನ್ನ ರೊಕ್ಕ ಬರತೈತಿ ಬಿಡ" ಎಂದು ಶಿವಯೋಗೀಶ ಎದ್ದು, ಮೊಳೆಗೆ ಹಾಕಿದ್ದ ಲಾರಿ ಕೀಲಿಗೆ ಕೈ ಚಾಚಿದ. ಅವಳು ಅವನಿಗಿಂತ ಮೊದಲೇ ಅದನ್ನು ಕಿತ್ತುಕೊಂಡು ಕುಪ್ಪಸದೊಳಗೆ ತುರುಕಿದಳು.

"ಬರೂದು ಆಮ್ಯಾಲೆ ನೋಡೂಣು. ಇವತ್ತ ನೀವು ಹೊಚ್ಚಲಾ ದಾಟೂ ಹಂಗಿಲ್ಲ."