ಒಂದು ಮೊಳದ ಅಂಬಾಸಡರ್

ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣದ ಎರಕ ಹೊಯ್ಯುವ ಕಾರ್ಖಾನೆಗಳಿಗೆ ಬರವಿಲ್ಲ. ಎರಕಕ್ಕೆ ಮೊದಲು ಕಟ್ಟಿಗೆಯಲ್ಲಿ ಪ್ಯಾಟರ್ನ್ ಕೆತ್ತಿ ಕೊಡುವ ಮಿಸ್ತ್ರಿಗಳಿಗೆ ಮಾತ್ರ ಈಗ ಬರ. ನಾಗಲಿಂಗ ಅಂಥ ಮಿಸ್ತ್ರಿ. ಮೂವತ್ತೆಂಟು ವರ್ಷ ಅದನ್ನೇ ಮಾಡಿದವನು. ಪಂಪಿನ ಹೊಟ್ಟೆಯಿರಲಿ, ಗಿರಣಿಯ ಚಕ್ರವಿರಲಿ, ಸಾಗವಾನಿಯಲ್ಲಿ ಅದರ ತದ್ರೂಪು ಕೆತ್ತುತ್ತಿದ್ದ. ಆ ಕಟ್ಟಿಗೆಯನ್ನು ಉಸುಕಿನಲ್ಲಿ ಒತ್ತಿ, ಮೆಲ್ಲಗೆ ಎತ್ತಿ, ಉಳಿದ ಗುಂಡಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಟ್ಟಿಗೆಯ ಪಕ್ಕದಲ್ಲಿ ಎಲ್ಲಾದರೂ ಕಾಳಿನಷ್ಟು ತಗ್ಗು ಉಳಿಯಿತೋ, ಎತ್ತುವಾಗ ಉಸುಕು ಅದಕ್ಕೆ ಕಚ್ಚಿಕೊಂಡು ಕಿತ್ತು ಬರುತ್ತದೆ, ಆಮೇಲೆ ಎರಕವನ್ನು ಗುಜರಿಗೆ ಹಾಕಬೇಕು ಅಷ್ಟೆ. ಅದಕ್ಕೇ ನಾಗಲಿಂಗ ಕೆಲಸಕ್ಕೆ ಸೇರಿದ ದಿನವೇ ಉಸ್ತಾದ ಅವನ ಕಣ್ಣು ಮುಚ್ಚಿಸಿ, ಕಟ್ಟಿಗೆಯ ಮೇಲೆ ಬೆರಳು ಆಡಿಸಿ ಹೇಳಿಕೊಟ್ಟಿದ್ದ: "ಬೆರಳು ನಿಂತಲ್ಲಿ ಉಸುಕು ನಿಲ್ಲತೈತಿ, ತಮ್ಮಾ. ತಗ್ಗಿಗೆ ಪುಟ್ಟಿ ಮೆತ್ತಿ ತುಂಬು, ತಿಕ್ಕು. ಬೆರಳು ಎಲ್ಲೂ ನಿಲ್ಲಬಾರದು."

ನಾಗಲಿಂಗನ ಕೆಲಸದ ಮೇಲೆ ಬೆರಳು ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಅದೊಂದೇ ಅವನ ಸಿರಿ.

ಅಣ್ಣ ಬೀರೇಶನದು ಬೇರೆಯೇ ದಾರಿ. ಖಾನಾಪುರ ಸ್ಟೇಶನ್ನಿನಿಂದ ಜಾಂಬೋಟಿಗೆ ಮೂವತ್ತು ವರ್ಷ ಟ್ಯಾಕ್ಸಿ ಹೊಡೆದ ಮನುಷ್ಯ. ಕೆನೆ ಬಣ್ಣದ ಅಂಬಾಸಡರ್. ಐದು ಮಂದಿಯ ಗಾಡಿಯಲ್ಲಿ ಹನ್ನೊಂದು ಮಂದಿ, ಮೇಲಿನ ಕ್ಯಾರಿಯರಿನಲ್ಲಿ ಭತ್ತದ ಚೀಲ, ಕೋಳಿ ಬುಟ್ಟಿ, ಒಮ್ಮೊಮ್ಮೆ ಸೀಟು ಸಿಗದ ಮಾವಂದಿರು. ಗಾಡಿ ತಂದ ವರ್ಷದ ಖಂಡೇನವಮಿಗೆ ಕಾಯಿ ಒಡೆಯಲು ಅವ್ವ ಫಕೀರವ್ವನೇ ಬೇಕೆಂದು ಹಟ ಹಿಡಿದ. ಅವರ ಮನೆಯಲ್ಲಿ ಕಾಯಿ ಒಡೆಯುವುದು ಗಂಡಸರ ಕೆಲಸ. ಫಕೀರವ್ವ ಹುಟ್ಟಿದಾಗಿನಿಂದ ಒಂದು ಕಾಯಿಯನ್ನೂ ಒಡೆದವಳಲ್ಲ. ಗಾಲಿಯ ಮುಂದೆ ಕಲ್ಲು ಇಟ್ಟಿದ್ದರು. ಆಕೆ ಕಣ್ಣು ಮುಚ್ಚಿ, ಬೀರದೇವರನ್ನು ನೆನೆದು, ಕೈ ಎತ್ತಿ ಬಡಿದಳು. ಕಲ್ಲಿಗಲ್ಲ, ಬಲಗಡೆಯ ಮುಂದಿನ ಮಡಗಾರ್ಡಿಗೆ. ಕಾಯಿ ಒಡೆಯಲಿಲ್ಲ, ಹೊಸ ಗಾಡಿಯ ತಗಡೇ ತಗ್ಗು ಬಿತ್ತು.

"ಅಯ್ಯ ನನ್ನ ಕೈ ಸೇದಿ ಹೋಗ್ಲಿ!" ಎಂದು ಮುದುಕಿ ಅಲ್ಲೇ ಕುಸಿದಳು.

"ಇರ್ಲಿ ಬಿಡ ಬೇ, ನಿನ್ನ ಕೈಯ ಗುರ್ತು," ಎಂದು ಬೀರೇಶ ನಕ್ಕ. ಆಮೇಲೆ ಗಾಡಿಗೆ ಮೂರು ಸಲ ಬಣ್ಣ ಬಳಿಸಿದ. ಮೂರು ಸಲವೂ ಗ್ಯಾರೇಜಿನವನಿಗೆ ಹೇಳಿದ್ದು ಒಂದೇ ಮಾತು, ಆ ತಗ್ಗಿಗೆ ಕೈ ಹಚ್ಚಬೇಡ ಎಂದು. ಫಕೀರವ್ವ ತೀರಿಕೊಂಡ ಮೇಲೆ ಗಾಡಿ ಹತ್ತುವ ಮುನ್ನ ಅದನ್ನು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುವುದು ರೂಢಿಯಾಯಿತು. ಅವ್ವನ ಫೋಟೋ ಅವನ ಬಳಿ ಒಂದೂ ಇರಲಿಲ್ಲ.

ನಂತರ ಸಕ್ಕರೆ ಕಾಯಿಲೆ ಬಂದು ಕಾಲನ್ನು ಕೊಳೆಸಿತು, ಕಣ್ಣನ್ನು ಕಳೆಯಿತು. ಬೀರೇಶ ಬೆಳಗಾವಿಯ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದ. ಗಾಡಿಯನ್ನು ನಾಗಲಿಂಗನ ಕಾರ್ಖಾನೆಯ ಹಿತ್ತಲಲ್ಲಿ ನಿಲ್ಲಿಸಿ, ಚಾವಿಯನ್ನು ತಮ್ಮನ ಕೈಯಲ್ಲಿಟ್ಟು, "ವಾರಕ್ಕೊಮ್ಮಿ ಚಾಲೂ ಮಾಡಿ ಇಡು," ಎಂದಿದ್ದ. ಐದು ವಾರ ನಾಗಲಿಂಗ ಚಾಲೂ ಮಾಡಿದ. ಆರನೆಯ ವಾರ ಮಾಲಕ ಕರೆದು, ಆ ಜಾಗದಲ್ಲಿ ಹೊಸ ಮಶೀನು ಕೂಡಿಸುವುದಿದೆ, ಗಾಡಿ ತೆಗೆ ಎಂದ. ಅದೇ ದಿನ ಡಾಕ್ಟರು ಇನ್ನು ಕಣ್ಣು ಬರುವುದಿಲ್ಲ ಎಂದಿದ್ದರು. ಕಣ್ಣಿಲ್ಲದವನಿಗೆ ಗಾಡಿ ಯಾಕೆ ಎಂದು ನಾಗಲಿಂಗ ತನಗೆ ತಾನೇ ಹೇಳಿಕೊಂಡ. ಕೇಳಿದರೆ ಅಣ್ಣ ಬೇಡ ಅನ್ನುತ್ತಾನೆಂದು ಗೊತ್ತಿತ್ತು. ಅದಕ್ಕೇ ಕೇಳದೆ ಗುಜರಿಗೆ ಕೊಟ್ಟ. ಗುಜರಿಯವರು ಗಾಡಿಯನ್ನು ಅಲ್ಲೇ ಕತ್ತರಿಸಿದರು, ತಗಡು ಅದೇ ಕಾರ್ಖಾನೆಯ ಭಟ್ಟಿಗೆ ಹೋಯಿತು. ನಾಗಲಿಂಗ ಕೆತ್ತಿದ ಪ್ಯಾಟರ್ನಿನ ಗುಂಡಿಗೇ ಆ ಕಬ್ಬಿಣ ಹರಿದು, ಯಾವುದೋ ಪಂಪಾಗಿ ಯಾವುದೋ ಊರಿಗೆ ಹೋಯಿತು.

ಆಸ್ಪತ್ರೆಯಿಂದ ಬಿಟ್ಟ ದಿನ ಬೀರೇಶ ಮಂಚದ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ನಾಗಾ, ನಮ್ಮ ಗಾಡಿ ತಗೊಂಬಾ. ನೀನ ಹೊಡಿ, ನಾ ಬಾಜೂಕ ಕುಂದರತೀನಿ," ಎಂದ. ಗಾಡಿ ಗುಜರಿಗೆ ಹೋದದ್ದನ್ನು ನಾಗಲಿಂಗ ಆಗ ಹೇಳಿದ. "ಮಾಲಕ ತೆಗಿ ಅಂದಾ ಅಣ್ಣ, ನಾ ಏನ ಮಾಡ್ಲಿ?" ಎಂದೂ ಸೇರಿಸಿದ. ಬೀರೇಶ ಉಳಿದ ಗುಂಡಿಗಳನ್ನು ಹಾಕಲೇ ಇಲ್ಲ. ಬಾಡಿಗೆ ರಿಕ್ಷಾದಲ್ಲಿ ಖಾನಾಪುರದವರೆಗೆ ಎದೆ ತೆರೆದುಕೊಂಡೇ ಕೂತಿದ್ದ.

ಅಂದಿನಿಂದ ಎರಡು ವರ್ಷ ಅವನು ತಮ್ಮನ ಜೊತೆ ಮಾತಾಡಲಿಲ್ಲ. ನಾಗಲಿಂಗ ಹೋದಾಗಲೆಲ್ಲ ಗೋಡೆಗೆ ಮುಖ ಮಾಡಿ, ಹೆಂಡತಿ ಭೀಮಕ್ಕನಿಗೆ, "ಬಂದವರಿಗೆ ಚಾ ಕೊಡು," ಎನ್ನುತ್ತಿದ್ದ. ಒಡಹುಟ್ಟಿದವನು ಬಂದವನಾಗಿಬಿಟ್ಟ. ಬೈದಿದ್ದರೆ ನಾಗಲಿಂಗ ಬೈಸಿಕೊಳ್ಳುತ್ತಿದ್ದ, ಹೊಡೆದಿದ್ದರೆ ಬೆನ್ನು ಕೊಡುತ್ತಿದ್ದ. ಆ ಚಹಾ ಮಾತ್ರ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇತ್ತ ಹಿತ್ತಲಿನಲ್ಲಿ ಕೂಡಿಸಿದ ಹೊಸ ಮಶೀನು ಕಂಪ್ಯೂಟರ್ ಹೇಳಿದಂತೆ ಪ್ಯಾಟರ್ನ್ ಕೊರೆಯತೊಡಗಿತು. ಅದಕ್ಕೆ ಚಹಾ ಬೇಡ, ಸೂಟಿ ಬೇಡ. ಕೆಲಸ ಬಂದಾಗ ಕರೆಯುತ್ತೇವೆ ಎಂದ ಮಾಲಕ ಮತ್ತೆ ಕರೆಯಲಿಲ್ಲ. ಅಣ್ಣನ ಗಾಡಿ ತೆಗೆದು ತನ್ನ ಅನ್ನ ಕಸಿಯುವ ಮಶೀನಿಗೆ ತಾನೇ ಜಾಗ ಮಾಡಿಕೊಟ್ಟಂತಾಯಿತು. ಮಾಡಿದ್ದುಣ್ಣೋ ಮಹಾರಾಯ! ನಾಗಲಿಂಗ ಪಕ್ಕದ ಮಚ್ಛೆಯ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ವಾಚ್‌ಮನ್ ಆಗಿ ಕೂತ. ಉಳಿ ಹಿಡಿಯುತ್ತಿದ್ದ ಕೈ ಲಾರಿಗಳ ನಂಬರು ಬರೆಯತೊಡಗಿತು.

ಆ ಗೇಟಿನಲ್ಲೇ ಅವನಿಗೆ ಈ ಹುಚ್ಚು ಹತ್ತಿದ್ದು. ಕಳೆದ ಗಾಡಿಯನ್ನು ಕಟ್ಟಿಗೆಯಲ್ಲಿ ಕೆತ್ತುವುದು. ಹತ್ತರಲ್ಲಿ ಒಂದು ಪಾಲು ಅಳತೆ, ಒಂದು ಮೊಳಕ್ಕೆ ತುಸು ಕಡಿಮೆ. ಬರೀ ಅಂಬಾಸಡರ್ ಅಲ್ಲ, ಬೀರೇಶನ ಅಂಬಾಸಡರ್.

"ನಿಮ್ಮಣ್ಣಗ ಆಟಗಿ ಸಾಮಾನ ಬೇಕಾಗೇತೇನ್ರಿ?" ಎಂದಳು ಹೆಂಡತಿ ಪ್ರಮಿಳಾ. "ತಪ್ಪಾತು ಅಂತ ಹೇಳ್ರಿ, ಸಾಕು."

"ಹತ್ತು ಸಲ ಹೇಳೀನಿ. ಅಂವ ಕಿವಿ ಕೊಡೂದಿಲ್ಲ. ಕೈಯರ ಕೊಡತಾನೇನು ನೋಡೂಣು."

ಬೆಳಗಾವಿಯ ಶಹಾಪುರದಲ್ಲಿ ಮದುವೆಗೆ ಬಾಡಿಗೆ ಕೊಡುವ ಹಳೆಯ ಅಂಬಾಸಡರ್ ಒಂದಿತ್ತು. ನಾಲ್ಕು ರವಿವಾರ ಅದರ ಸುತ್ತ ಟೇಪು ಹಿಡಿದು ಮೊಣಕಾಲ ಮೇಲೆ ತಿರುಗಿದ. ಪ್ಯಾಟರ್ನ್ ಮಿಸ್ತ್ರಿಯ ಸ್ಕೇಲು ಊರವರ ಸ್ಕೇಲಿನಂತಲ್ಲ. ಕಬ್ಬಿಣ ಆರುವಾಗ ಕುಗ್ಗುತ್ತದೆಂದು ಮೀಟರಿಗೆ ಒಂದು ಸೆಂಟಿಮೀಟರು ಮೊದಲೇ ಹೆಚ್ಚು ಹಿಡಿದಿರುತ್ತದೆ. ಕೈ ಅಭ್ಯಾಸಬಲದಿಂದ ಅದನ್ನೇ ಎತ್ತಿಕೊಂಡೀತೆಂದು ಹೆದರಿ, ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಶಾಲೆ ಮಕ್ಕಳ ಪ್ಲಾಸ್ಟಿಕ್ ಸ್ಕೇಲು ತಂದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಗುಣ ಇನ್ನೂ ಹಟಮಾರಿ.

ಏಳು ತಿಂಗಳು ಹಿಡಿಯಿತು. ಖಾನಾಪುರದ ಒಂದು ಹಳೇ ಮನೆಯ ಸಾಗವಾನಿ ತೊಲೆಯ ತುಂಡಿನಲ್ಲಿ ಇಡೀ ಮೈಯನ್ನು ಒಂದೇ ಗಟ್ಟಿಯಾಗಿ ಕೆತ್ತಿದ. ಆ ಗುಂಡು ಬಾನೆಟ್ಟು, ತುಂಬಿದ ಬಸುರಿಯಂಥ ಡಿಕ್ಕಿ, ಎಲ್ಲವೂ ಬಂದವು. ಕ್ಯಾರಿಯರಿಗೆ ಹಿತ್ತಾಳೆ ತಂತಿ ಬೆಸೆದು, ಅಣ್ಣನ ಗಾಡಿಯಲ್ಲಿದ್ದಂತೆ ನಾಲ್ಕನೆಯ ಪಟ್ಟಿಯನ್ನು ಬಿಟ್ಟ. ಹಿಂದಿನ ಎಡ ಬಾಗಿಲಿಗೆ ಬೀರೇಶ ಯಾವುದೋ ಮಟಾಡೋರ್ ವ್ಯಾನಿನ ಹಿಡಿ ಹಾಕಿಸಿಕೊಂಡಿದ್ದ. ಇಲ್ಲೂ ಅದೊಂದೇ ಹಿಡಿಯನ್ನು ಬೇರೆ ಥರ ಮಾಡಿದ. ಕೊನೆಗೆ ದುಂಡು ಬಾಯಿಯ ಉಳಿಯಿಂದ ಬಲ ಮಡಗಾರ್ಡಿನಲ್ಲಿ ಅವ್ವನ ತಗ್ಗನ್ನು ತೋಡಿದ. ಒಂದು ಅವರೆಕಾಳು ಕೂರುವಷ್ಟೇ ತಗ್ಗು. ಪ್ರಮಿಳಾ ಅದರಲ್ಲಿ ಬೆರಳಿಟ್ಟು, "ಅತ್ತಿ ಬಂದ್ರು ನೋಡ್ರಿ," ಎಂದಳು. ನಾಗಲಿಂಗನಿಗೆ ಎರಡು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಯಿತು.

ಬಣ್ಣಕ್ಕೆ ಮೊದಲು ಒಂದು ಕೆಲಸ ಉಳಿದಿತ್ತು. ಅಣ್ಣ ಇದನ್ನು ನೋಡುವುದಿಲ್ಲ, ಮುಟ್ಟುತ್ತಾನೆ. ಹಾಗಾಗಿ ತಾನೂ ಅವನಂತೆಯೇ ಪರೀಕ್ಷಿಸಬೇಕೆಂದು ಒಂದು ರವಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ ಕೂತ. ಬೆರಳು ಬಾನೆಟ್ಟಿನಿಂದ ಹೊರಟು ಮೈಯೆಲ್ಲ ಸುತ್ತಿತು. ನಿಂತಲ್ಲಿ ಪುಟ್ಟಿ ಒತ್ತಿದ, ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ತಿಕ್ಕಿದ, ಮತ್ತೆ ಬೆರಳು ಆಡಿಸಿದ. ಏಳು ತಿಂಗಳ ದಣಿವಿನಲ್ಲಿ ಕೈ ತಾನೇ ತಾನಾಗಿ ಓಡುತ್ತಿತ್ತು, ಮನಸ್ಸು ಆಗಲೇ ಖಾನಾಪುರ ತಲುಪಿತ್ತು. ಸಂಜೆಗೆ ಬೆರಳು ಎಲ್ಲೂ ನಿಲ್ಲದಾಯಿತು. ಮಾರನೆಯ ದಿನ ಡ್ಯೂಟಿಗೆ ಹೋಗುವ ಅವಸರದಲ್ಲಿ, ಮಬ್ಬು ಬೆಳಕಿನಲ್ಲೇ ಕೆನೆ ಬಣ್ಣ ಬಳಿದ.

ಮುಂದಿನ ರವಿವಾರ ಟಾವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಖಾನಾಪುರಕ್ಕೆ ಹೋದ. ಬೀರೇಶ ಪಡಸಾಲೆಯಲ್ಲಿ ಕೂತಿದ್ದ. ಹೆಜ್ಜೆಯ ಸಪ್ಪಳಕ್ಕೇ ಗೋಡೆಗೆ ತಿರುಗಿದ.

"ಬಂದವರಿಗೆ ಚಾ ಕೊಡು."

"ಚಾ ಆಮ್ಯಾಲೆ ಆಕ್ಕೈತ್ರಿ," ಎಂದಳು ಭೀಮಕ್ಕ. "ಏನೋ ತಂದಾರ. ಒಂದೀಟು ಮುಟ್ಟಿ ನೋಡ್ರಿ." ಗಂಡನ ಕೈ ಹಿಡಿದು ತಂದು ಗಾಡಿಯ ಮೇಲೆ ಇಟ್ಟಳು.

ಕೈ ಮೊದಲು ಹಿಂದೆ ಸರಿಯಿತು. ಆಮೇಲೆ ತಾನಾಗಿ ಬಂತು. ಕ್ಯಾರಿಯರಿನ ಮೇಲೆ ಒಂದೊಂದೇ ಪಟ್ಟಿ ಎಣಿಸಿತು. "ನಾಕನೇದು ಇಲ್ಲ," ಎಂದ ಬೀರೇಶ, ಯಾರಿಗೆಂದಿಲ್ಲ.

"ನಿನ್ನ ಗಾಡಿಗೂ ಇರಲಿಲ್ಲಲ್ಲ, ಅಣ್ಣ," ಎಂದ ನಾಗಲಿಂಗ.

ಬೀರೇಶನ ಕೈ ನಿಲ್ಲಲಿಲ್ಲ. ಡಿಕ್ಕಿ ಸವರಿ, ಹಿಂದಿನ ಎಡ ಬಾಗಿಲಿಗೆ ಬಂದು, ಹಿಡಿಯನ್ನು ಉಗುರಿನಿಂದ ಕೆದರಿತು. ಬೀರೇಶ ಫಕ್ಕನೆ ನಕ್ಕ. "ಮಟಾಡೋರ ಹಿಡಿ! ಭಾಡ್ಯಾ, ಇದನ್ನೂ ನೆನಪಿಟ್ಟೀಯಲ್ಲೋ ನಾಗಾ."

ನಾಗಾ. ನಾಗಲಿಂಗನ ಕಣ್ಣು ತುಂಬಿ ಬಂತು. ಬಾಗಿಲಲ್ಲಿ ನಿಂತ ಭೀಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೀರೇಶ ಗಾಡಿಯನ್ನು ತಿರುಗಿಸಿಟ್ಟು, ಎಂದಿನ ರೂಢಿಯಂತೆ ಬಲಗೈಯನ್ನು ಮುಂದಿನ ಮಡಗಾರ್ಡಿಗೆ ಒಯ್ದ.

ಬೆರಳು ಮಡಗಾರ್ಡಿನ ಮೇಲಿಂದ ಕೆಳಗೆ ಜಾರಿತು. ನಿಲ್ಲಲಿಲ್ಲ. ಮತ್ತೆ ಮೇಲಿಂದ ಹೊರಟಿತು. ನಿಲ್ಲಲಿಲ್ಲ. ಮೂರನೆಯ ಸಲ ಐದೂ ಬೆರಳು ಹರಡಿ ಹುಡುಕಿತು.

ಆ ಮಧ್ಯಾಹ್ನ ಎಲ್ಲೆಲ್ಲಿ ಬೆರಳು ನಿಂತಿತ್ತು, ಎಲ್ಲೆಲ್ಲಿ ಪುಟ್ಟಿ ಒತ್ತಿದ್ದೆ ಎಂದು ನಾಗಲಿಂಗ ನೆನೆಯಲು ನೋಡಿದ. ಒಂದೂ ನೆನಪಾಗಲಿಲ್ಲ. ನೆನಪಾಗುವ ಅಗತ್ಯವೂ ಇರಲಿಲ್ಲ.

"ಅವ್ವ ಎಲ್ಲೋ?" ಎಂದು ಬೀರೇಶ ಕೇಳಿದ.

"ಕೆತ್ತಿದ್ದೆ ಅಣ್ಣ. ಖರೇ ಹೇಳತೀನಿ, ಕೆತ್ತಿದ್ದೆ, ಬೇಕಾದ್ರ ಪ್ರಮಿಳಾನ ಕೇಳು. ನನ್ನ ಕೈ... ರೂಢಿ ಬಿದ್ದ ಕೈ, ಗೊತ್ತಿಲ್ಲದಂಗ ತುಂಬಿಬಿಟ್ಟೇತಿ."

"ಅವತ್ತ ಮಾಲಕ. ಇವತ್ತ ಕೈ," ಎಂದ ಬೀರೇಶ. ದನಿ ಏರಲಿಲ್ಲ. "ನೀ ಮಾಡಿದ್ದು ಅಂತ ಎಂದೂ ಏನೂ ಇಲ್ಲ ಬಿಡು."

ನಾಗಲಿಂಗ ಅಡುಗೆಮನೆಗೆ ಓಡಿ, ಈಳಿಗೆಯ ಪಕ್ಕದಲ್ಲಿದ್ದ ಚಾಕು ತಂದು, ನೆಲದ ಮೇಲೆ ಮೊಣಕಾಲೂರಿದ. "ಈಗ ತೋಡತೀನಿ. ಎರಡು ನಿಮಿಷ, ಅಣ್ಣ. ಎರಡ ನಿಮಿಷ."

ಬೀರೇಶ ಕೈ ಚಾಚಿ ಮಡಗಾರ್ಡನ್ನು ಅಂಗೈಯಿಂದ ಮುಚ್ಚಿದ. "ಬ್ಯಾಡ. ಬಡದಾಕಿ ಅವ್ವ. ನೀ ತೋಡಿದ್ರ ಅದು ಬರೇ ತಗ್ಗು."

ಆಮೇಲೆ ಗಾಡಿಯನ್ನು ಮೆತ್ತಗೆ, ಪೆಟ್ಟು ತಾಗದಂತೆ ದೂರ ಸರಿಸಿದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನಾಗಲಿಂಗ ಅದನ್ನೇ ಹಿಡಿದುಕೊಂಡು ಮತ್ತೆ ಬರುತ್ತಿದ್ದ. ಬೀರೇಶ ಗೋಡೆಗೆ ತಿರುಗಿ ಹೆಂಡತಿಗೆ ಹೇಳಿದ:

"ಬಂದವರಿಗೆ ಬಸ್ಸಿನ ಹೊತ್ತಾತು ನೋಡು."

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಬದಿಗೆ ಸೀಟು ಸಿಕ್ಕಿತು. ಬಾಜೂ ಕೂತವನೊಬ್ಬ ಟಾವೆಲು ಸರಿದಲ್ಲಿ ಇಣುಕಿ, "ಏನ ಛಂದ ಮಾಡೀರ್ರಿ, ಒಂದು ಕೊಂಕಿಲ್ಲ," ಎಂದ. ನಾಗಲಿಂಗ ತಲೆಯಾಡಿಸಿದ. ಟಾವೆಲಿನೊಳಗೆ ಅವನ ಬೆರಳು ಬಲಗಡೆಯ ಮಡಗಾರ್ಡಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು. ಮಚ್ಛೆ ಬಂತು, ಉದ್ಯಮಬಾಗ ಬಂತು. ಬೆರಳು ಎಲ್ಲೂ ನಿಲ್ಲಲಿಲ್ಲ.