ಶೇಂಗಾ ಚಟ್ನಿ ಕೇಳದ ಕರಡಿ

ಗೆಳೆಯರೇ, ಮಗಳಿಗೆ ಪ್ರಾಣವಾದ ಕಾರ್ಟೂನನ್ನು ಈಗ ಖರೇ ಪ್ರಾಣಿಗಳನ್ನಿಟ್ಟು ಸಿನಿಮಾ ಮಾಡಿದ್ದಾರೆ. ಇವತ್ತು ಸೊಲ್ಲಾಪುರದ ಟಾಕೀಸಿಗೆ ಹೋಗಿದ್ದೆವು. ಮನೆಯಲ್ಲಿ ಆ ಕಾರ್ಟೂನಿನ ಇಂಗ್ಲಿಷ್ ವಿಡಿಯೊ ಕ್ಯಾಸೆಟ್ ಹಾಕಿದಾಗಲೆಲ್ಲ ಕರಡಿಯ ಮಾತನ್ನು ನಮ್ಮವ್ವನೇ ಕನ್ನಡದಲ್ಲಿ ಆಡುತ್ತಾಳೆ. ಇಲ್ಲಿ ಕರಡಿ ಬಾಯಿಯೇ ಬಿಡಲಿಲ್ಲ.

“ಅಜ್ಜೀ, ಈ ಕರಡಿ ಯಾಕ ಮಾತಾಡವಲ್ದು?” ಎಂದು ಮಗಳು ಅಳತೊಡಗಿದಳು.

ಅವ್ವ ದನಿ ದಪ್ಪ ಮಾಡಿದಳು: “ರೊಟ್ಟಿ, ಶೇಂಗಾ ಚಟ್ನಿ ತರ್ರೋ! ಹೊಟ್ಟಿ ಹಸದದ!”

ಹಿಂದಿನ ಸಾಲಿನವರೊಬ್ಬರು ಎದ್ದು ಬಂದರು. ಜಗಳವೇ ಎಂದುಕೊಂಡೆ. ಅವರು ಅವ್ವನ ಕಡೆ ಬಾಗಿದರು:

“ಬಾಯಾರ, ಜರಾ ಜೋರಾಗಿ ಹೇಳ್ರಿ. ನಮ್ಮ ಹುಡುಗೂರಿಗಿ ಕೇಳವಲ್ದು.”

ಮಧ್ಯಂತರದ ಹೊತ್ತಿಗೆ ಅವ್ವನ ಗಂಟಲು ಕಟ್ಟಿತು. “ಹುಲಿ ನೀ ಆಗು,” ಎಂದು ನನಗೆ ಅಪ್ಪಣೆಯಾಯಿತು.

ಆದೆ. ಇಡೀ ಟಾಕೀಸು ನಡುಗುವಂತೆ ಗರ್ಜಿಸಿದೆ. ನಾಳೆ ಆಫೀಸಿನಲ್ಲಿ ಸಾಹೇಬರೆದುರು ಎರಡು ದಿನದ ರಜೆ ಕೇಳುವುದಿದೆ; ಈ ದನಿ ಹೊರಡುತ್ತದೋ ನೋಡಬೇಕು.