ಕಲ್ಲಿನ ಸದ್ದು ಬೇಡವೆಂದರು

ದೇವರ ಮುಂದೆ ಕೂತರೆ ನನಗೆ ಬೇಡಿಕೊಳ್ಳುವುದಕ್ಕಿಂತ ಉಪಕಾರ ನೆನೆಯುವುದೇ ಹೆಚ್ಚು. ಹಾಲು ಒಡೆಯಲಿಲ್ಲ, ಮಧುಗಿರಿ ಬಸ್ಸಿನಲ್ಲಿ ಸೀಟು ಸಿಕ್ಕಿತು, ಹೀಗೆ. ಒಂದು ವಿಷಯದಲ್ಲಿ ಮಾತ್ರ ಉಪಕಾರ ಹುಡುಕಿ ಹುಡುಕಿ ಸೋತಿದ್ದೇನೆ.

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಹೊಳವನಹಳ್ಳಿಯ ಶಾಲೆಯಲ್ಲಿ ಊರಿನ ಚರಿತ್ರೆ, ಸಾಹಿತ್ಯ ಅಂತ ಮೂರು ದಿನದ ಶಿಬಿರ ನಡೆಯಿತು. ಶಾಸನ ಬರೆಸಲಾಗದವರ ಚರಿತ್ರೆ ಅವರ ಹಾಡಿನಲ್ಲಿದೆ ಎಂದು ಪಟ್ಟಣದಿಂದ ಬಂದ ಮೇಷ್ಟ್ರು ಭಾಷಣ ಮಾಡಿದರು. ನನಗೆ ರೋಮಾಂಚನ. ರಾಗಿ ಬೀಸುವ ಪದ ಹೇಳಲು ನಮ್ಮತ್ತೆ ಕೆಂಚಮ್ಮನನ್ನು ನನ್ನ ಧಾರೆ ಸೀರೆ ಉಡಿಸಿ, ಬೀಸುಕಲ್ಲಿನ ಸಮೇತ ಗಾಡಿಯಲ್ಲಿ ಕರೆದೊಯ್ದೆ.

ಮೇಷ್ಟ್ರು ಟೇಪ್‌ರೆಕಾರ್ಡರ್ ಇಟ್ಟು, "ಅಜ್ಜಿ, ಕಲ್ಲಿನ ಸದ್ದು ಬೇಡ. ಸುಮ್ಮನೆ ಹಾಡಿ" ಅಂದರು.

"ಬೀಸ್ದಿದ್ರೆ ಪದ ಎಲ್ಲಿಂದ ಬತ್ತದೆ ಸ್ವಾಮಿ?"

"ಸಾರ್ ಹೇಳ್ದಂಗೆ ಮಾಡಿ ಅತ್ತೆಮ್ಮ" ಎಂದು ಕಲ್ಲನ್ನು ಪಕ್ಕಕ್ಕೆ ತಳ್ಳಿದವಳು ನಾನೇ.

ಮೂರನೇ ಸಾಲಿಗೆ ಅತ್ತೆಯ ಪದ ನಿಂತುಬಿಟ್ಟಿತು. ಬಲಗೈ ಗಾಳಿಯಲ್ಲಿ ಬೀಸುಕಲ್ಲಿನ ಗೂಟ ಹುಡುಕುತ್ತಿತ್ತು. ಹಿಂದಿನಿಂದ ಪಕ್ಕದ ಮನೆಯ ರಂಗಮ್ಮ, "ದಿನಾ ಪದ ಹೇಳಿ ನಮ್ಮನ್ನೆಲ್ಲ ಎಬ್ಬುಸ್ತಿದ್ದೆ, ಇವತ್ತು ನೀನೇ ಮಲಿಕೊಂಬುಟ್ಯೇನಕ್ಕಾ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಚಪ್ಪಾಳೆ ತಟ್ಟಿ ಶಾಲು ಹೊದಿಸಿ ಕಳಿಸಿದರು.

ಶಾಸನ ಕಲ್ಲಿನ ಮೇಲಿರುತ್ತದೆ. ನಮ್ಮದೂ ಕಲ್ಲಿನ ಮೇಲೇ ಇತ್ತಲ್ಲ ಸ್ವಾಮಿ ಎಂದು ಆ ಮೇಷ್ಟ್ರಿಗೆ ಹೇಳಬೇಕಿತ್ತು. ಮನೆಗೆ ಬಂದು ಅನ್ನಕ್ಕೆ ನೀರಿಟ್ಟಾಗ ಹೊಳೆಯಿತು. ನನ್ನ ಬುದ್ಧಿಯೆಲ್ಲ ಒಲೆ ಮುಂದೆಯೇ ಬರುವುದು.

ಮಾರನೇ ದಿನ ಕಲ್ಲಿನ ಮುಂದೆ ಚಾಪೆ ಹಾಸಿ ಅತ್ತೆಯನ್ನು ಕರೆದೆ. "ಬ್ಯಾಡ ಕಣಮ್ಮ, ನಂಗೆ ಪದ ಮರ್ತೋಗ್ಯದೆ. ದೊಡ್ಡೋರ ಮುಂದೆ ಗೊತ್ತಾಯ್ತಲ್ಲ" ಅಂದರು. ಎಷ್ಟು ಬೇಡಿಕೊಂಡರೂ ಗೂಟ ಮುಟ್ಟಲಿಲ್ಲ. ರಾಗಿ ಮಿಲ್ಲಿಗೆ ಹೋಗತೊಡಗಿತು. ಎರಡು ವರ್ಷಕ್ಕೆ ಅತ್ತೆಯೂ ಹೋದರು. ಕೊನೆಯ ಚಳಿಗೆ ಆ ಶಾಲು ಬೆಚ್ಚಗಿತ್ತು. ಅದೊಂದು ಉಪಕಾರ ಅನ್ನಲೇ?

ದಿನಾ ಮುಂಜಾನೆ ಕೇಳಿದ ಪದ. ಒಂದನ್ನೂ ನಾನು ಕಲಿಯಲಿಲ್ಲ. ಅತ್ತೆ ಇದ್ದಾರಲ್ಲ ಅಂದುಕೊಂಡಿದ್ದೆ.

ಈಗ ಶುಕ್ರವಾರ ಕಲ್ಲಿಗೆ ಅರಿಶಿನ ಕುಂಕುಮವಿಟ್ಟು ಒಂದು ಹಿಡಿ ರಾಗಿ ಹಾಕಿ ತಿರುಗಿಸುತ್ತೇನೆ. ಪದ ಬರುವುದಿಲ್ಲ, ಬರೀ ಗುರುಗುರು ಸದ್ದು. ಆ ಮೇಷ್ಟ್ರು ಬೇಡವೆಂದದ್ದು. ಇದಾದರೂ ಉಳಿಯಿತಲ್ಲ ತಂದೆ ಎಂದು ಕೈ ಮುಗಿಯುತ್ತೇನೆ. ಕೈ ಮುಗಿಯಬೇಕಾದರೆ ಗೂಟ ಬಿಡಬೇಕು. ಬಿಟ್ಟರೆ ಆ ಸದ್ದೂ ನಿಲ್ಲುತ್ತದೆ.